ಬಿಜಲಿಯ ಲಾಯದಲ್ಲಿ ತೌಡ

ಕುದುರೆ ಸಾಕಿದವನಿಗೆ ನಾಯಿಮರಿ ಯಾವ ಲೆಕ್ಕ ಎಂದು ನಾನು ಅಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಎದ್ದು ಗೊರಸು ಕೆರೆದು, ಲದ್ದಿ ಬಾಚಿ, ಮೈ ತಿಕ್ಕಿ, ಅಷ್ಟು ದೊಡ್ಡ ಪ್ರಾಣಿಯನ್ನು ಸಂಭಾಳಿಸುವವನಿಗೆ ಟವೆಲ್ಲಿನಲ್ಲಿ ಸುತ್ತಿ ತರಬಹುದಾದ ಜೀವ ಏನು ಮಹಾ ತೊಂದರೆ ಕೊಟ್ಟೀತು? ಉತ್ತರ ಈಗ ಗೊತ್ತಾಗಿದೆ. ತೊಂದರೆಗೂ ತೂಕಕ್ಕೂ ಸಂಬಂಧವಿಲ್ಲ.

ನಮ್ಮಪ್ಪ ಬಳ್ಳಾರಿ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದರು. ಆಟೋಗಳು ಬಂದವು, ಜಟಕಾ ಹೋಯಿತು, ಆಮೇಲೆ ಅಪ್ಪನೂ ಹೋದರು. ಕುದುರೆಯ ಹುಚ್ಚು ಮಾತ್ರ ನನ್ನ ಪಾಲಿಗೆ ಬಂತು. ನಾನು ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುತ್ತೇನೆ. ವಾರವೆಲ್ಲ ಇಂಥ ಸಣ್ಣ ಸಾಮಾನುಗಳ ನಡುವೆ ಕೂತವನಿಗೆ ಭಾನುವಾರವಾದರೂ ಒಂದು ದೊಡ್ಡ ವಸ್ತುವಿನ ಮೇಲೆ ಕೂರಬೇಕು ಅನ್ನಿಸುವುದು ಸಹಜ. ಹಾಗೆ ಬಂದವಳು ಬಿಜಲಿ. ಹೆಸರಿಗೆ ಮಿಂಚು, ನಡಿಗೆಯಲ್ಲಿ ನಮ್ಮೂರಿನ ಬೇಸಿಗೆಯ ಕರೆಂಟು. ಯಾವಾಗ ನಿಲ್ಲುತ್ತಾಳೋ ಯಾರಿಗೂ ಗೊತ್ತಿಲ್ಲ.

ಕಂಟೋನ್ಮೆಂಟಿನ ಹಿಂಬದಿಯ ನಮ್ಮ ಮನೆಯಿಂದ ಹೊರಟು, ಕುರುಗೋಡಿನ ಕಡೆಗೆ ಒಂದಷ್ಟು ದೂರ ಹೋಗಿ, ಕಾಲುವೆಯ ದಂಡೆಗೆ ಇಳಿದುಬಿಟ್ಟರೆ ಆಮೇಲೆ ಯಾರ ಗೊಡವೆಯೂ ಇಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಮೆಣಸಿನಕಾಯಿ ಹೊಲ, ದೂರದಲ್ಲಿ ಬಂಡೆಗುಡ್ಡಗಳು. ಚಹಾದ ಅಂಗಡಿಯ ಹತ್ತಿರ ಒಬ್ಬರು ತೆಲುಗಿನಲ್ಲಿ ಶೂಟಿಂಗ್ ಎಲ್ಲಿ ನಡೆಯುತ್ತಿದೆ ಎಂದು ಕೇಳಿದ್ದರು. ಹೀರೋ ನಾನೇ ಎಂದೆ. ಅವರು ನನ್ನ ಹೊಟ್ಟೆಯನ್ನು ನೋಡಿ ಮತ್ತೆ ಚಹಾ ಕುಡಿಯತೊಡಗಿದರು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನನಗೆ ಹೊಂದುವುದಿಲ್ಲ. ನನಗೆ ಕುದುರೆ ಇಳಿದ ಮೇಲೆಯೇ ಕಾಲುನೋವು.

ಹೀಗೆ ಸುಖವಾಗಿದ್ದವನು ಸಿರುಗುಪ್ಪಕ್ಕೆ ಯಾಕೆ ಹೋಗಬೇಕಿತ್ತು? ತೌಡಿಗಾಗಿ ಹೋದೆ. ಅಲ್ಲಿ ನನ್ನ ತಂಗಿಯ ಗಂಡ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಬಿಜಲಿಗೆ ಹುರುಳಿಯ ಜೊತೆ ಕಲಸಿಕೊಡಲು ಅಲ್ಲಿಂದಲೇ ತೌಡು ತರುತ್ತೇನೆ. ಆ ಸಲ ತೌಡಿನ ರಾಶಿಯ ಹಿಂದೆ ಬೀದಿನಾಯಿಯೊಂದು ಮರಿ ಹಾಕಿತ್ತು. ಅದರಲ್ಲೊಂದು ತೌಡಿನದೇ ಬಣ್ಣದ್ದು, ರಾಶಿಯಲ್ಲಿ ಮಲಗಿದರೆ ಮೂಗಿನ ತುದಿ ಬಿಟ್ಟು ಏನೂ ಕಾಣಿಸದು. ಅದು ನನ್ನ ಚಪ್ಪಲಿಯ ಮೇಲೆ ಗಲ್ಲ ಇಟ್ಟು ನಿದ್ದೆ ಹೋಯಿತು. ನೀವಾಗಿದ್ದರೆ ಕಾಲು ಎಳೆದುಕೊಳ್ಳುತ್ತಿದ್ದಿರಾ? ತಂದುಬಿಟ್ಟೆ. ಹೆಸರು ತೌಡ ಎಂದಾಯಿತು.

ಮನೆಯ ಬಾಗಿಲಲ್ಲಿ ಅಮ್ಮ ತಡೆದರು. ಅಮ್ಮನಿಗೆ ನಾಯಿಯ ಮೇಲೆ ದ್ವೇಷವೇನಿಲ್ಲ. ಓಣಿಯ ನಾಯಿಗಳಿಗೆಲ್ಲ ರೊಟ್ಟಿ ಹಾಕುವವರು ಅವರೇ. ಕುರಾನಿನಲ್ಲಿ ಬರುವ, ಗುಹೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಪುಣ್ಯವಂತರನ್ನು ಬಾಗಿಲಲ್ಲಿ ಕೂತು ಕಾದ ನಾಯಿಯ ಕಥೆಯನ್ನು ನಮಗೆಲ್ಲ ಹೇಳಿದವರೂ ಅವರೇ. ಆದರೆ ಆ ನಾಯಿಯೂ ಕೂತದ್ದು ಬಾಗಿಲಲ್ಲಿ ತಾನೇ? ನಮಾಜು ಮಾಡುವ ಮನೆಯೊಳಗೆ ನಾಯಿ ಬೇಡ, ಲಾಯದಲ್ಲಿ ಇರಲಿ ಎಂದರು. ಇಷ್ಟೇ ತಾನೇ ಎಂದು ನಾನು ಮರಿಯನ್ನೂ ತೌಡಿನ ಚೀಲವನ್ನೂ ಲಾಯಕ್ಕೆ ಹೊತ್ತೆ.

ಅಲ್ಲೇ ಎಡವಟ್ಟಾಯಿತು. ನಾನು ಲಗಾಮಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಮರಿ ತನ್ನ ಹುಟ್ಟೂರನ್ನು ಹುಡುಕಿಕೊಂಡು ಬಾಯಿಬಿಚ್ಚಿದ ಚೀಲದೊಳಗೆ ಹೋಗಿ ಮಲಗಿತ್ತು. ನಾನು ನೋಡಲಿಲ್ಲ. ದೊಡ್ಡಸ್ತಿಕೆಯಿಂದ ಚೀಲವನ್ನು ಎಳೆದು ಬಿಜಲಿಯ ಮುಂದಿಟ್ಟೆ. ಅವಳು ಪ್ರೀತಿಯಿಂದ ಮೂತಿ ಇಳಿಸಿದಳು. ಒಳಗಿದ್ದವನು ಬೆಚ್ಚಿಬಿದ್ದು ಅವಳ ಮೂಗನ್ನು ಕಚ್ಚಿದ. ಬಿಜಲಿ ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅವತ್ತಿನಿಂದ ಅವಳು ಮರಿಯ ವಾಸನೆ ಬಂದರೆ ಸಾಕು, ಕಿವಿಯನ್ನು ಹಿಂದಕ್ಕೆ ಒತ್ತಿ ಹಿಂಗಾಲು ಎತ್ತುತ್ತಿದ್ದಳು. ಒಂದು ಒದೆತ ಬಿದ್ದರೆ ಮರಿಯ ಕಥೆ ಮುಗಿಯಿತು ಎಂದು ದನದ ಡಾಕ್ಟರು ನೇರವಾಗಿಯೇ ಹೇಳಿದರು. ಲಾಯದಲ್ಲಿ ಮರಿ ಇರುವ ಕಡೆ ಹಲಗೆ ಅಡ್ಡ ಕಟ್ಟಿದೆ. ಮರಿ ಹಲಗೆ ನೆಕ್ಕುತ್ತ ಅಳುತ್ತಿತ್ತು, ಬಿಜಲಿ ಹಲಗೆಗೆ ಒದೆಯುತ್ತಿದ್ದಳು.

ಒಂದು ವಾರ ನೋಡಿದ ಅಮ್ಮ ತೀರ್ಪು ಕೊಟ್ಟರು.

"ರಂಜಾನ್ ಚಂದ್ರ ಕಾಣೋದ್ರೊಳಗ ಬಿಜಲಿ ಒಪ್ಪಿದ್ರ ಇರ್ಲಿ. ಇಲ್ಲಾಂದ್ರ ಸಿರುಗುಪ್ಪಕ್ಕ ವಾಪಸ್ ಬಿಟ್ಟು ಬಾ. ಒಂದು ಜೀವಾ ತಂದು ಇನ್ನೊಂದು ಜೀವದ ಕಾಲಾಗ ಹಾಕಬಾರ್ದು."

ಮಾತು ನ್ಯಾಯವಾಗಿಯೇ ಇತ್ತು, ಅದೇ ಸಂಕಟ. ಈ ಕಡೆ ಸವಾರಿಯೂ ಕೆಟ್ಟಿತು. ಭಾನುವಾರ ಬಿಜಲಿಯ ಮೇಲೆ ಜೀನು ಹಾಕಿದರೆ ಮರಿ ಗಂಟಲು ಹರಿದುಕೊಳ್ಳುತ್ತಿತ್ತು. ಅದನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ ಬಿಸಿಲೇರಿ, ಬಿಜಲಿ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಹೆಂಡತಿ ಮುಮ್ತಾಜ್ ಇದನ್ನೆಲ್ಲ ನೋಡಿ, ಇಬ್ಬರು ಹೆಂಡಿರನ್ನು ಕಟ್ಟಿಕೊಂಡವರ ಪಾಡು ಈಗಲಾದರೂ ತಿಳಿಯಿತಲ್ಲ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಿಜಲಿಗೆ ವಯಸ್ಸಾಗುತ್ತಿದೆ, ಇನ್ನೆಷ್ಟು ಕಾಲ ಹೊತ್ತಾಳು ಎಂಬ ಚಿಂತೆ ಒಂದು ಕಡೆ. ಮರಿ ಮರಿಯಾಗಿರುವುದೂ ನಾಲ್ಕು ದಿನ ತಾನೇ ಎಂಬುದು ಇನ್ನೊಂದು ಕಡೆ. ಯಾವ ಕಾಲವನ್ನು ಬಿಟ್ಟರೂ ಅದು ಮತ್ತೆ ಸಿಗುವುದಿಲ್ಲ.

ಆ ದಿನಗಳಲ್ಲಿ ನನಗೆ ಮೈಲಾರಲಿಂಗನ ಮೇಲೆ ಬಹಳ ಹೊಟ್ಟೆಕಿಚ್ಚಾಗಿತ್ತು. ನನ್ನ ಅಂಗಡಿಯ ಪಕ್ಕದವರು ಗೋಡೆಗೆ ಅವನ ಪಟ ಹಾಕಿದ್ದಾರೆ. ದೇವರು ಬಿಳಿಯ ಕುದುರೆಯ ಮೇಲೆ ಠೀವಿಯಿಂದ ಕೂತಿದ್ದಾನೆ, ಕುದುರೆಯ ಕಾಲ ಬುಡದಲ್ಲೇ ನಾಯಿ ನಿಂತಿದೆ. ಆ ಕುದುರೆಯ ಮುಖದಲ್ಲಿ ಸಿಟ್ಟಿಲ್ಲ, ನಾಯಿಯ ಮುಖದಲ್ಲಿ ಹೆದರಿಕೆಯಿಲ್ಲ. ಇದನ್ನು ಹೇಗೆ ಸಾಧಿಸಿದೆಯಪ್ಪಾ ಎಂದು ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಟವನ್ನು ನೋಡುತ್ತ ಕೂರುತ್ತಿದ್ದೆ. ದೇವರುಗಳು ಪಟಕ್ಕೆ ನಿಲ್ಲುವ ಹೊತ್ತಿಗೆ ಮರಿ ಸಾಕುವ ಕಷ್ಟವೆಲ್ಲ ಮುಗಿದಿರುತ್ತದೆ ಅಂತ ಕಾಣುತ್ತದೆ.

ರಂಜಾನಿಗೆ ಮುಂಚಿನ ಭಾನುವಾರ ಅಮ್ಮ, ಮುಮ್ತಾಜ್ ಇಬ್ಬರೂ ಮದುವೆಗೆಂದು ಸಿರುಗುಪ್ಪಕ್ಕೆ ಹೊರಟರು. ಮರಿಯನ್ನು ಈಗಲೇ ಒಯ್ಯಲೇ ಎಂದು ಅಮ್ಮ ಮೆತ್ತಗೆ ಕೇಳಿದರು. ಇನ್ನೂ ಚಂದ್ರ ಕಂಡಿಲ್ಲವಲ್ಲ ಎಂದೆ. ಮನೆಯಲ್ಲಿ ಮರಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಮುಮ್ತಾಜ್ ಹೋಗುವ ಮುಂಚೆ ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಳ್ಳುವ ಒಂದು ಚೀಲ ಹೊಲಿದುಕೊಟ್ಟಳು. ಅದಕ್ಕೆ ನನ್ನ ಅಂಗಡಿಯ ಜಿಪ್ಪು. ಮರಿಯನ್ನು ಅದರಲ್ಲಿಟ್ಟು, ತಲೆ ಮಾತ್ರ ಹೊರಗಿರುವಂತೆ ಮಾಡಿ, ಬಿಜಲಿಯನ್ನು ಹತ್ತಿದೆ. ಅವಳ ಕಿವಿ ದಾರಿಯುದ್ದಕ್ಕೂ ಹಿಂದಕ್ಕೇ ಇತ್ತು. ನನ್ನ ಎದೆಯಲ್ಲಿ ಎರಡು ಹೃದಯ ಬಡಿಯುತ್ತಿದ್ದವು, ಜಾಸ್ತಿ ಹೆದರಿದ್ದು ನನ್ನದೇ.

ಕಾಲುವೆಯ ಹತ್ತಿರ ಬಿಜಲಿಗೆ ನೀರು ಕುಡಿಸಲು ಇಳಿದೆ. ಬಗ್ಗಿದೆ ನೋಡಿ, ಜಿಪ್ಪು ಬಾಯಿಬಿಟ್ಟಿತು. ಗ್ಯಾರಂಟಿ ಮಾಲು ಎಂದು ಊರಿಗೆಲ್ಲ ನಾನೇ ಹೇಳಿ ಮಾರುವ ಜಿಪ್ಪು. ಮರಿ ಉರುಳಿ ನೇರವಾಗಿ ಬಿಜಲಿಯ ಮುಂಗಾಲಿನ ಬುಡಕ್ಕೆ ಬಿತ್ತು. ಅವಳು ಆಗತಾನೇ ಹೆಜ್ಜೆ ಕಿತ್ತಿದ್ದಳು. ಗೊರಸು ಮರಿಯ ತಲೆಯ ಮೇಲೆಯೇ ಇತ್ತು.

ಅವಳು ಕಾಲನ್ನು ಇಳಿಸಲಿಲ್ಲ.

ನಾನು ಕೈ ಚಾಚಲೂ ಹೆದರಿ ನಿಂತೆ. ಮೂರು ಕಾಲಿನ ಮೇಲೆ ನಿಂತ ಆ ಮುದಿ ಕುದುರೆಯ ತೊಡೆ ನಡುಗುತ್ತಿತ್ತು. ಮರಿಗೆ ಇದ್ಯಾವುದೂ ತಿಳಿಯದು. ಎದ್ದು ಮೈ ಕೊಡವಿ, ಅವಳ ಇನ್ನೊಂದು ಕಾಲಿಗೆ ಒರಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿತು. ಬಿಜಲಿ ತಲೆ ಬಗ್ಗಿಸಿ ಅದರ ಬೆನ್ನಿನ ಮೇಲೆ ಫೂ ಎಂದು ಉಸಿರು ಬಿಟ್ಟಳು. ಆಮೇಲೆ ಎತ್ತಿದ ಕಾಲನ್ನು ಪಕ್ಕಕ್ಕೆ ಸರಿಸಿ, ಮಣ್ಣನ್ನು ಮುಟ್ಟಿ ನೋಡುವವಳ ಹಾಗೆ ನಿಧಾನವಾಗಿ ಇಟ್ಟಳು. ನನಗೆ ಅಳು ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಅತ್ತೆ.

ವಾಪಸ್ ಬರುವಾಗ ನಾನು ಹತ್ತಲಿಲ್ಲ. ಲಗಾಮು ಹಿಡಿದು ಕಾಲುವೆ ದಂಡೆಯುದ್ದಕ್ಕೂ ನಡೆದೆ, ಮರಿ ಬಿಜಲಿಯ ಹೊಟ್ಟೆಯ ನೆರಳಿನಲ್ಲಿ ನಡೆಯಿತು. ಮರಿ ಸುಸ್ತಾಗಿ ಕೂತಲ್ಲೆಲ್ಲ ಅವಳೂ ನಿಂತಳು. ರಸ್ತೆ ಬಂದ ಮೇಲೆ ಮಾತ್ರ ಅದನ್ನು ಎತ್ತಿಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲಾಯದ ಹಲಗೆಯನ್ನು ಬಿಚ್ಚಿ ಒಲೆಗೆ ಹಾಕಿದೆ.

ಮದುವೆಯಿಂದ ಬಂದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಕುದುರೆಯ ಮನಸ್ಸು ಒಂದು ದಿನದಲ್ಲಿ ತಿಳಿಯುವಂಥದ್ದಲ್ಲ ಎಂದರು, ಜಟಕಾದವನ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವರು. ಎರಡು ದಿನ ಬಿಟ್ಟು ಚಂದ್ರ ಕಂಡಿತು. ಆ ರಾತ್ರಿಯೂ ಮರಿ ಲಾಯದಲ್ಲೇ ಮಲಗಿತು.

ಮುಂದಿನ ಭಾನುವಾರ ನಸುಕಿನಲ್ಲಿ, ಮರಿ ಮಲಗಿದೆಯಲ್ಲ, ಒಬ್ಬನೇ ಹಾಯಾಗಿ ಒಂದು ಸುತ್ತು ಹೋಗಿಬರೋಣ ಎಂದು ಸದ್ದಿಲ್ಲದೆ ಜೀನು ಬಿಗಿದೆ. ಬಿಜಲಿ ಗೇಟಿನವರೆಗೆ ಬಂದಳು, ನಿಂತಳು. ಹಿಮ್ಮಡಿ ಒತ್ತಿದೆ, ಗದರಿದೆ, ಬೇಡಿಕೊಂಡೆ. ಕತ್ತು ತಿರುಗಿಸಿ ಲಾಯದ ಕಡೆ ನೋಡುತ್ತ ನಿಂತಳೇ ಹೊರತು ಹೆಜ್ಜೆ ಎತ್ತಲಿಲ್ಲ. ನಮಾಜು ಮುಗಿಸಿ ಅಂಗಳಕ್ಕೆ ಬಂದ ಅಮ್ಮ ಅವಳನ್ನೂ ನನ್ನನ್ನೂ ನೋಡಿದರು.

"ಆ ಕೂಸನ್ನ ಬಿಟ್ಟು ಎಲ್ಲಿಗೆ ಹೊಂಟೀಯೋ? ಇಳಿ, ಎತ್ಕೊಂಡು ಹೋಗು."