ಮಾವನ ನೂರಿಪ್ಪತ್ತನಾಲ್ಕು

ಮೊನ್ನೆ ಮುಳಬಾಗಿಲಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ರೇಡಿಯೋ ಮಾವ ನೆನಪಾದರು... ಹಿಂದೆಯೇ ಹಳೆಯ ಸಿಟ್ಟೂ ಬಂತು.

ಸಂಬಂಧದಲ್ಲಿ ಮಾವನೇನಲ್ಲ. ನನ್ನ ಡಿಟಿಪಿ ಅಂಗಡಿಯ ಪಕ್ಕದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಸರಿಯಾಗಿರುವುದನ್ನು ಸುಮ್ಮನೆ ಬಿಡುವ ಜಾಯಮಾನ ಅವರದಲ್ಲ. ನನ್ನ ಕಂಪ್ಯೂಟರಿನಲ್ಲಿ ಪ್ರೊಸೆಸರಿಗೂ ಉಳಿದ ಭಾಗಗಳಿಗೂ ನಡುವಿನ ದಾರಿಗೆ ಬಸ್ ಎನ್ನುತ್ತಾರೆ, ಅದರ ವೇಗ ನೂರು, ಗುಣಕ ಆರು, ಗುಣಿಸಿದರೆ ಪ್ರೊಸೆಸರಿನ ವೇಗ ಆರುನೂರು ಎಂದು ಎಲ್ಲೋ ಓದಿಕೊಂಡು ಬಂದರು. ಆರನ್ನು ಏಳು ಮಾಡಬೇಕೆಂಬುದು ಅವರ ಹಟ. ಗುಣಕಕ್ಕೋ ಕಾರ್ಖಾನೆಯಲ್ಲೇ ಬೀಗ ಬಿದ್ದಿತ್ತು.

"ನಾವು ತಗೊಂಡಿರೋ ವಸ್ತುಗೆ ಬೀಗ ಹಾಕೋಕೆ ಅವನ್ಯಾರು ಅಮ್ಮಾಯಿ?" ಎಂದು ದಿನವೂ ನನ್ನ ತಲೆ ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಆರನ್ನು ಮುಟ್ಟಲಾಗದೆ ನೂರನ್ನೇ ನೂರಿಪ್ಪತ್ತನಾಲ್ಕು ಮಾಡಿ ಕೂತಿದ್ದರು. ಬಸ್ಸಿನ ವೇಗ ಏರಿದರೆ ಪ್ರೊಸೆಸರ್ ಒಂದೇ ಅಲ್ಲ, ಹಾರ್ಡ್ ಡಿಸ್ಕೂ ಅದರ ಜೊತೆ ಓಡಬೇಕು. ಅದು ತಡೆಯಲಿಲ್ಲ, ಫೈಲುಗಳೆಲ್ಲ ಕಲಸುಮೇಲೋಗರವಾದವು. ತಾಯಲೂರು ಸುತ್ತಿನ ಕೆರೆ ಕುಂಟೆಗಳ ಬಗ್ಗೆ ಅಪ್ಪ ಹೇಳಿ ನಾನು ಟೈಪ್ ಮಾಡಿದ್ದ ಪುಸ್ತಕ ಅದರಲ್ಲೇ ಇತ್ತು. ಅಪ್ಪನಿಗೆ ಕಣ್ಣು ಹೋಗಿತ್ತು. ಎಷ್ಟೋ ಕುಂಟೆಗಳ ಹೆಸರು ಅವರೊಬ್ಬರಿಗೇ ಗೊತ್ತಿದ್ದದ್ದು. ಫ್ಲಾಪಿಗೆ ಹಾಕಿಡದ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೂ ಸಿಟ್ಟು ಇಳಿಯಲಿಲ್ಲ, ಮಾವನ ಜೊತೆ ಮಾತು ಬಿಟ್ಟೆ.

ಮಾವ ಮರುದಿನ ಸಂಜೆಯೇ ನೋಟ್‌ಬುಕ್ ಹಿಡಿದು ಮನೆಗೆ ಬಂದರು. "ಚೆಪ್ಪಂಡಿ ಸ್ವಾಮಿ, ಮೊದ್ಲಿಂದ ಬರ್ಕೊಂತೀನಿ" ಎಂದು ಅಪ್ಪನೆದುರು ಕೂತರು. ಅಪ್ಪ ನಕ್ಕು, ಮೊದಲ ಕೆರೆಯಿಂದ ಶುರು ಮಾಡಿದರು. ಮುಗಿಯುವವರೆಗೆ ಮಾವ ಒಂದು ಸಂಜೆಯೂ ತಪ್ಪಿಸಲಿಲ್ಲ.

ಆದರೆ ಆ ಬರಹ... ಮಾವ ಓದಿದ್ದು ಗಡಿಯಾಚೆಯ ತೆಲುಗು ಶಾಲೆಯಲ್ಲಿ. ಒಂದೇ ಪದದಲ್ಲಿ ಅರ್ಧ ಕನ್ನಡ ಅಕ್ಷರ, ಅರ್ಧ ತೆಲುಗು. ನಾನು ಮುಖ ಸಿಂಡರಿಸಿದರೆ, "ನೀನು ಟೈಪ್ ಮಾಡೋಕೆ ಕೂತ್ಕೊ, ನಾನು ಓದಿ ಹೇಳ್ತೀನಿ" ಎಂದರು. ನಾನು ಕೂರಲಿಲ್ಲ. ನನಗೂ ಹಟ. ಅಪ್ಪ ಹೋದರು. ಮಾವ ಅಂಗಡಿ ಮುಚ್ಚಿದರು, ಆಮೇಲೆ ಅವರೂ ಹೋದರು.

ಈ ವಾರ ಕೊನೆಗೂ ಟೈಪ್ ಮಾಡಲು ಕೂತಿದ್ದೇನೆ. ಹನ್ನೆರಡನೆಯ ಪುಟದಲ್ಲಿ ಒಂದು ಕುಂಟೆಯ ಹೆಸರು ಬಗೆಹರಿಯುತ್ತಿಲ್ಲ. ಕನ್ನಡವೆಂದು ಓದಿದರೆ ಒಂದು, ತೆಲುಗೆಂದು ಓದಿದರೆ ಇನ್ನೊಂದು. ತಾಯಲೂರಿನಲ್ಲಿ ನಾಲ್ಕು ಜನರನ್ನು ಕೇಳಿದೆ. ಅಲ್ಲಿ ಕುಂಟೆ ಇತ್ತೆಂಬುದೇ ಅವರಿಗೆ ಗೊತ್ತಿಲ್ಲ.