ದಾವಲಬಿಯ ಪಾಸ್‌ಪೋರ್ಟ್ ತಡೆದವರು ಯಾರು?

ಟಪಾಲಿನವನ ಚೀಲದಲ್ಲಿ ನಾನು ಒಮ್ಮೆ ಕೈ ಹಾಕಿದ್ದೇನೆ. ಅವನು ಚೀಲವನ್ನು ನಮ್ಮ ಕಟ್ಟೆಯ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋಗಿದ್ದ. (ಮಾಸ್ತರಿಕೆ ಮಾಡುವವನಿಗೆ ಇದು ಶೋಭೆಯಲ್ಲ. ಗೊತ್ತಿದೆ.) ಮುಂಬಯಿ ಸರಕಾರದ ಲಕೋಟೆ ಮಾತ್ರ ಅದರಲ್ಲಿ ಇರಲಿಲ್ಲ.

ಯಾಕೆ ಹುಡುಕಿದೆ? ಪಕ್ಕದ ಮನೆಯ ದಾವಲಬಿಗಾಗಿ. ಆಕೆಯ ಗಂಡ ಬನಹಟ್ಟಿಯವನು, ಆಫ್ರಿಕಾದ ಮೊಂಬಾಸಾದಲ್ಲಿ ಟೇಲರ್. ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಲು ಅಲ್ಲಿಯ ಸರಕಾರದಿಂದ ಪರ್ಮಿಟ್ ತೆಗೆದು ಕಳಿಸಿದ್ದಾನೆ. ಪರ್ಮಿಟ್ಟಿಗೆ ಗಡುವುಂಟು. ಅಷ್ಟರೊಳಗೆ ಇಲ್ಲಿಯ ಪಾಸ್‌ಪೋರ್ಟ್ ಸಿಕ್ಕು ಹಡಗು ಹತ್ತದಿದ್ದರೆ ಅದು ಬರೀ ಕಾಗದ. ಮಗಳಿಗೀಗ ಮೂರು ವರ್ಷ. ಅಪ್ಪನನ್ನು ಫೋಟೋದಲ್ಲಷ್ಟೇ ಬಲ್ಲಳು.

ಅರ್ಜಿ ತುಂಬಿದವನು ನಾನೇ. ಹಾಗಾಗಿ ಅದರಲ್ಲಿ ತಪ್ಪಿರುವುದು ಸಾಧ್ಯವಿಲ್ಲ. ಆದರೂ ವರ್ಷವಾಯಿತು, ಉತ್ತರವಿಲ್ಲ. ನಡುವೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅಲ್ಲವೇ ಅರ್ಥ?

ಟಪಾಲಿನವನನ್ನು ಬಿಟ್ಟೆ, ಜಮಖಂಡಿ ಕಚೇರಿಯ ಕಾರಕೂನನನ್ನು ಹಿಡಿದೆ. ಯಾವಾಗ ಹೋದರೂ "ಮುಂಬಯಿಗೆ ಹೋಗೇತ್ರಿ, ಬರತೇತಿ" ಎನ್ನುತ್ತಿದ್ದ. ಸಂಸ್ಥಾನವಿದ್ದಾಗ ಅರ್ಜಿ ಎಲ್ಲಿದೆ ಎಂದು ಕೇಳಿದರೆ ಅರಮನೆಯತ್ತ ಬೆರಳು ತೋರಿಸುತ್ತಿದ್ದರು. ಈಗ ನಾವು ಮುಂಬಯಿ ರಾಜ್ಯಕ್ಕೆ ಸೇರಿದವರು; ಬೆರಳು ತೋರಿಸಿದರೆ ಮುಂಬಯಿ ಕಂಡೀತೇ? ಅಲ್ಲದೆ ಆತ ನನ್ನ ಮುಖ ನೋಡದೆ ಮಾತಾಡುತ್ತಾನೆ. ಅಂಥವನನ್ನು ನಂಬುವುದು ಹೇಗೆ? (ಒಮ್ಮೆ ಮುಖ ನೋಡಿಯೇ ಮಾತಾಡಿದ. ಸಂಶಯ ಇನ್ನೂ ಹೆಚ್ಚಾಯಿತು.)

ಹೋದ ಸೋಮವಾರ ದಾವಲಬಿಯನ್ನೂ ಕರೆದುಕೊಂಡು ಹೋದೆ. ಇವತ್ತು ಇವನನ್ನು ಬಿಡಬಾರದು ಎಂದೇ ಹೋದದ್ದು. ಕಾರಕೂನ ತಾನಾಗಿಯೇ ಫೈಲು ತೆಗೆದ.

"ಮುಂಬಯಿಯಿಂದ ತಿರಗಿ ಬಂದೇತ್ರಿ, ಮಾಸ್ತರ. ಪೊಲೀಸ್ ರಿಪೋರ್ಟ್ ಸರಿ ಇಲ್ಲಂತ."

"ಏನಂತ ಬರದಾರ?"

ಓದಿದ. ಸದರಿ ಹೆಂಗಸು ಈ ಓಣಿಯಲ್ಲಿ ವಾಸವಾಗಿಲ್ಲ. ಓಣಿಯ ಮಾಸ್ತರರನ್ನು ಕೇಳಲಾಗಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ತಿಳಿಸಿದರು.

ಓದುವಾಗ ಅವನು ನಕ್ಕನೇ? ನಕ್ಕಂತೆ ಕಂಡಿತು. ಆದರೆ ನನಗಾಗ ಒಂದು ಕೊಡೆ ನೆನಪಾಗಿತ್ತು.

ಬೇಸಿಗೆಯಲ್ಲಿ ಧೋತರ ಉಟ್ಟವನೊಬ್ಬ ಬಿಸಿಲಿಗೆ ಕೊಡೆ ಹಿಡಿದು ಓಣಿಗೆ ಬಂದಿದ್ದ. "ದಾವಲಬಿ ಅನ್ನೋರ ಮನಿ ಯಾವುದ್ರಿ? ಗಂಡ ಎಲ್ಲಿರತಾನ?" ಎಂದು ಕೇಳಿದ್ದ. ತಾನು ಪೊಲೀಸ್ ಎಂದು ಹೇಳಲಿಲ್ಲ. ಗಂಡ ಪರದೇಶದಲ್ಲಿರುವ ಹೆಂಗಸಿನ ಮನೆ ಹುಡುಕಿಕೊಂಡು ಬರುವವನು ಒಳ್ಳೆಯವನಿರುತ್ತಾನೆಯೇ? "ಅಂಥವರು ಇಲ್ಲಿ ಯಾರೂ ಇಲ್ಲರಿ" ಎಂದೆ. ಎದುರು ಮನೆಯವರೂ ಅದನ್ನೇ ಹೇಳಿದರು. ನಮ್ಮ ಓಣಿಯ ರೀತಿಯೇ ಅದು. ಗುರುತಿಲ್ಲದವನು ಯಾರ ಹೆಸರು ಕೇಳಿದರೂ ಮೊದಲ ಉತ್ತರ 'ಗೊತ್ತಿಲ್ಲ'. ಅವತ್ತೆಲ್ಲ ನನಗೆ ಎಂಥ ಹೆಮ್ಮೆ. ಸುಮ್ಮನೆ ಅಂಜಿಯಾಳು ಎಂದು ದಾವಲಬಿಗೆ ಹೇಳಿರಲಿಲ್ಲ.

ಹೊರಗೆ ಬಂದೆವು. ಇನ್ನೊಮ್ಮೆ ವಿಚಾರಣೆ ಆಗಬೇಕು, ಇನ್ನೊಬ್ಬ ಯಾರೋ ಬರಬೇಕು, ಕಾಗದ ಮತ್ತೆ ಮುಂಬಯಿಗೆ ಹೋಗಬೇಕು. ಪರ್ಮಿಟ್ಟಿಗೆ ಉಳಿದದ್ದು ಎರಡೇ ತಿಂಗಳು.

"ನಂದ ತಪ್ಪಾತವ್ವಾ" ಎಂದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ದೂರ ನಡೆದ ಮೇಲೆ, "ಮಾಸ್ತರ, ವಿಚಾರಣಿಯವರು ಬರೂತನಕಾ ಬಾಗಲ ಮುಂದ ನಾನ ಕುಂದರತೇನ್ರಿ. ನೀವು ಒಳಗ ಇರ್ರಿ" ಎಂದಳು.

ಆವತ್ತಿನಿಂದ ನಾನು ಒಳಗೇ ಇದ್ದೇನೆ. ಕಿಟಕಿಯಿಂದ ಮಾತ್ರ ನೋಡುತ್ತೇನೆ. ಕೊಡೆ ಹಿಡಿದವರು ಯಾರೂ ಇನ್ನೂ ಬಂದಿಲ್ಲ.

ಓದುಗರೇ, ನಿಮ್ಮ ಹೆಸರು ಕೇಳಿಕೊಂಡು ಯಾರಾದರೂ ಬಂದರೆ ನಿಮ್ಮ ಹಿತೈಷಿಗಳು ಏನು ಹೇಳುತ್ತಾರೆ, ಒಮ್ಮೆ ವಿಚಾರಿಸಿದ್ದೀರಾ?