ಮೂರನೆಯ ಚುಕ್ಕೆ

ಪುಸ್ತಕದಿಂದ ಒಣಸಿಗಡಿಯ ವಾಸನೆ ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ, ನಾನೂ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಆದರೆ ಕುವೈತಿನಲ್ಲಿ ಬೆಳೆದ ನಮ್ಮಂಥವರಿಗೆ ಕನ್ನಡ ಪುಸ್ತಕದ ವಾಸನೆಯೆಂದರೆ ಅದೇ. ರಜೆ ಮುಗಿಸಿ ಊರಿನಿಂದ ಬರುವವರು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಪ್ಪಳ, ಸಾಂಬಾರು ಪುಡಿ, ಒಣಸಿಗಡಿಗಳ ಸಂದಿಯಲ್ಲಿ ಒಂದೋ ಎರಡೋ ಕಾದಂಬರಿ ತುರುಕಿ ತರುತ್ತಿದ್ದರು. ಅಮ್ಮ ತೀರಿಕೊಂಡ ಎರಡು ವರ್ಷಗಳ ಮೇಲೆ, ಕಳೆದ ತಿಂಗಳು ಅವಳ ಕಪಾಟು ಖಾಲಿ ಮಾಡುವಾಗ ಸೀರೆಗಳ ಅಡಿಯಲ್ಲಿ ಅಂಥದೊಂದು ಪುಸ್ತಕ ಸಿಕ್ಕಿತು. ಅರಬ್ಬಿ ಪತ್ರಿಕೆಯ ಹೊದಿಕೆ ಹಾಕಿದ್ದು. ತೆರೆದು ಮೂಗಿಗೆ ಹಿಡಿದೆ. ಫಿಂಟಾಸಿನ ಆ ಮೂರನೇ ಮಹಡಿಯ ಮನೆ, ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದ ಒಂದು ಅಂಗೈಯಷ್ಟು ಸಮುದ್ರ, ಶುಕ್ರವಾರದ ಕೋಳಿ ಗಸಿಯ ಘಮ, ಎಲ್ಲ ಒಟ್ಟಿಗೇ ಬಂದವು. ಆ ಕಟ್ಟಡವನ್ನು ಕೆಡವಿ ಬಹಳ ಕಾಲವಾಯಿತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಅಪ್ಪ ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಒಳಗೆ ಬಂದ ಮಾಲು ಚೀಟಿಯಿಲ್ಲದೆ ಹೊರಗೆ ಹೋಗಬಾರದು ಎಂಬುದು ಅವರ ಕೆಲಸದ ನಿಯಮ. ಮನೆಗೆ ಬಂದ ಮೇಲೂ ಅವರು ಆ ಕೆಲಸ ಬಿಡುತ್ತಿರಲಿಲ್ಲ. ಫ್ರಿಜ್ಜಿನಲ್ಲಿದ್ದ ಖರ್ಜೂರ ಕಡಿಮೆಯಾದರೆ ವಿಚಾರಣೆ, ನಾನು ಹೋಮ್‌ವರ್ಕ್ ಬೇಗ ಮುಗಿಸಿದರೆ ವಿಚಾರಣೆ. ಪುಸ್ತಕಕ್ಕೂ ಅದೇ ಕಾನೂನು. ಊರಿನಿಂದ ಬಂದ ಪುಸ್ತಕ ಮೊದಲು ನಮ್ಮ ಮನೆಗೆ ಬರಬೇಕು, ಅಪ್ಪ ಹೊದಿಕೆ ಹಾಕಬೇಕು. ಎರಡು ವಾರ ನಮ್ಮಲ್ಲಿದ್ದು ಆಮೇಲೆ ಅಲ್ಲಿದ್ದ ಊರಿನವರಲ್ಲಿ ಒಬ್ಬೊಬ್ಬರ ಮನೆಗೆ ಹೋಗಬೇಕು. ಓದಿ ಹಿಂದೆ ಕೊಡುವವರು ರಜೆಯ ದಿನವಾದ ಶುಕ್ರವಾರ ನಮ್ಮಲ್ಲಿ ಸೇರಿ, ಊಟದ ಮೇಲೆ ಎಲ್ಲರೆದುರು ಚೀಟಿ ಕೊಡಬೇಕು, ಅಂದರೆ ಬಾಯಿಮಾತಿನ ಚೀಟಿ. “ಕಥೆ ಹೇಳ್ಬೇಡಿ ಮಾರಾಯ್ರೆ, ಕಥೆ ನನಗೂ ಗೊತ್ತುಂಟು. ನಿಮಗೆ ಎಂತ ಉಳಿಯಿತು, ಅದು ಹೇಳಿ,” ಎನ್ನುತ್ತಿದ್ದರು ಅಪ್ಪ. ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಿದ್ದರು. ಓದಿದೆ ಎಂದು ಹೇಳುವವರಲ್ಲಿ ಮುಕ್ಕಾಲು ಜನ ಓದಿರುವುದಿಲ್ಲ ಎಂಬುದು ಅಪ್ಪನ ನಂಬಿಕೆ. ಸುಳ್ಳೇಕೆ, ಈಗ ಫೋನಿನಲ್ಲಿ ಪುಸ್ತಕಗಳ ಅಟ್ಟಿಯ ಪಕ್ಕ ಕಾಫಿಲೋಟ ಇಟ್ಟು ಫೋಟೋ ಹಾಕುವವರನ್ನು ಕಂಡರೆ ನನಗೂ ಹಾಗೆಯೇ ಅನಿಸುತ್ತದೆ.

ಅಪ್ಪ ನಂಬಿದ್ದು ಒಬ್ಬರನ್ನೇ, ಲಾರೆನ್ಸ್ ಅಂಕಲನ್ನು. ಅವರು ಆಸ್ಪತ್ರೆಯ ಲ್ಯಾಬಿನಲ್ಲಿದ್ದರು, ಹೆಂಡತಿ ಮಕ್ಕಳೆಲ್ಲ ಊರಿನಲ್ಲಿ. ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಸ್ಸು ಹಿಡಿದು ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಮನೆಯೊಳಗೆ ನಮ್ಮದು ತುಳು, ಅವರದು ಕೊಂಕಣಿ. ಅವರು ಬಂದರೆ ಮನೆಯೆಲ್ಲ ಕನ್ನಡಕ್ಕೆ ತಿರುಗುತ್ತಿತ್ತು. ಊಟದ ಮೇಲೆ ಕೈ ಒರೆಸಿಕೊಂಡು ಅವರು ಪುಸ್ತಕದ ಒಂದೇ ಒಂದು ವಾಕ್ಯ ಹೇಳುತ್ತಿದ್ದರು. ಒಮ್ಮೆ ಹೇಳಿದ್ದು ಇದು: “ಬಾಗಿಲು ತೆರೆದಿಟ್ಟ ಮನೆಗೆ ಕಳ್ಳ ಬರುವುದು ಒಂದು ಸಲ, ಬಾಗಿಲು ಹಾಕಿಕೊಂಡ ಮನೆಗೆ ನೆಂಟರು ಬರುವುದೇ ಇಲ್ಲ.” ಅಪ್ಪ ತೊಡೆ ತಟ್ಟಿ, “ಇದು ನೋಡಿ ಓದುವುದು ಅಂದ್ರೆ! ಇನ್ನೂರು ಪುಟದಲ್ಲಿ ಸರಿಯಾದ್ದನ್ನೇ ಎತ್ತಿದ್ರಿ,” ಅಂದರು. ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆ ವಾಕ್ಯವನ್ನು ನಾನು ಅಂದು ಮೊದಲ ಸಲ ಕೇಳಿದ್ದಲ್ಲ. ಎರಡು ವಾರದ ಮುಂಚೆಯೇ ಅಡುಗೆಮನೆಯಲ್ಲಿ ಕೇಳಿದ್ದೆ. ಅಮ್ಮ ಮೀನು ಹೆಚ್ಚುವಾಗ ತುಟಿ ಅಲ್ಲಾಡಿಸುತ್ತಿರುವುದನ್ನು ಕಂಡು ದೇವರ ನಾಮ ಹೇಳುತ್ತಾಳೆ ಅಂದುಕೊಂಡಿದ್ದೆ. ಹತ್ತಿರ ಹೋದರೆ ದೇವರಲ್ಲ, ಬಾಗಿಲು, ಕಳ್ಳ, ನೆಂಟರು. ಅಕ್ಕಿ ಡಬ್ಬದ ಹಿಂದೆ ಪುಸ್ತಕ, ತುರುಬಿನೊಳಗೆ ಒಂದು ಬೆರಳುದ್ದ ಕೂಡ ಇಲ್ಲದ ಪೆನ್ಸಿಲಿನ ತುಂಡು. ಅವಳ ಕ್ರಮ ಹೀಗಿತ್ತು: ಮನಸ್ಸಿಗೆ ಹಿಡಿದ ವಾಕ್ಯದ ಪಕ್ಕ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ. ಎರಡು ದಿನ ಬಿಟ್ಟು ಪುಸ್ತಕ ಮುಚ್ಚಿ ಹೇಳಿ ನೋಡುವುದು. ತಡವರಿಸದೆ ಬಂದರೆ ಎರಡನೆಯ ಚುಕ್ಕೆ. ಪುಸ್ತಕ ಮನೆ ಬಿಡುವ ಮುಂಚೆ ಇನ್ನೊಮ್ಮೆ ಹೇಳಿ, ಬಂದರೆ ಮೂರನೆಯದು. ನಡುವೆ ಒಂದು ಪದ ತಪ್ಪಿದರೂ ಚುಕ್ಕೆಯಿಲ್ಲ. “ಓದಿದ್ದು ನಮ್ಮದಾಗುವುದು ಪುಸ್ತಕ ಮುಚ್ಚಿದ ಮೇಲೆ, ಬಾಲೆ. ತೆರೆದಿರುವಾಗ ಅದು ಬರೆದವರದ್ದು,” ಅಂದಳು. ಆಮೇಲೆ ದನಿ ತಗ್ಗಿಸಿ, “ಅಪ್ಪನಿಗೆ ಹೇಳ್ಬೇಡ ಆಯ್ತಾ,” ಅಂದಳು. ನಾನು ಆಣೆ ಹಾಕಿದೆ. ಯಾಕೆ ಹೇಳಬಾರದು ಎಂಬುದು ನನಗೆ ಗೊತ್ತಿತ್ತು. ಹಿಂದೊಂದು ಶುಕ್ರವಾರ ಅಮ್ಮ ಎಲ್ಲರೆದುರು, “ನನಗೂ ಒಂದು ಮಾತು ಉಳಿದಿದೆ,” ಎಂದು ಬಾಯಿ ತೆರೆದಾಗ ಅಪ್ಪ, “ನಿನಗೆ ಗಸಿ ಉಳಿದಿದ್ರೆ ಅದು ಬಡಿಸು ಮಾರಾಯ್ತಿ,” ಅಂದಿದ್ದರು. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನಗೆ ಆಗ ಒಂಬತ್ತು ವರ್ಷ ಇರಬೇಕು. ಪುಸ್ತಕ ಕೊಟ್ಟಿದ್ದ ಯಾರೋ ಒಬ್ಬರು, “ಶೆಟ್ರೆ, ನನ್ನ ಪುಸ್ತಕದಲ್ಲಿ ಯಾರೋ ಪೆನ್ಸಿಲ್ ಆಡಿಸಿದ್ದಾರೆ,” ಎಂದು ದೂರು ಹೇಳಿದರು. ಸ್ಟೋರಿನಲ್ಲಿ ಮಾಲು ಕೆಟ್ಟಿತು ಎಂದಂತಾಯಿತು ಅಪ್ಪನಿಗೆ. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಪುಟ ಬೆಳಕಿಗೆ ಹಿಡಿದು ನೋಡಿದರು. ಸಂಜೆಯಾಗುವಾಗ ಕಳ್ಳ ಸಿಕ್ಕಿದ್ದ. ಲಾರೆನ್ಸ್ ಅಂಕಲ್ ಇದುವರೆಗೆ ಹೇಳಿದ ಒಂದೊಂದು ವಾಕ್ಯದ ಪಕ್ಕದಲ್ಲೂ ಮೂರು ಚುಕ್ಕೆ. ಇದಕ್ಕಿಂತ ಸಾಕ್ಷಿ ಬೇಕೆ? ಲೆಕ್ಕ ಸರಿಯಾಗಿಯೇ ಇತ್ತು, ಉತ್ತರ ಮಾತ್ರ ತಪ್ಪು.

ಮರುದಿನ ಶುಕ್ರವಾರ. ಊಟಕ್ಕೆ ಕೂರುವ ಮುಂಚೆಯೇ ಅಪ್ಪ ಪುಸ್ತಕಗಳನ್ನು ಅಂಕಲ್ ಎದುರು ಇಟ್ಟರು. “ಬೇರೆಯವರ ಪುಸ್ತಕಕ್ಕೆ ಗುರುತು ಹಾಕುವುದು ಎಂತ ಅಭ್ಯಾಸ ಲಾರೆನ್ಸ್?” ಅಂಕಲ್ ಮುಖ ಕೆಂಪಾಯಿತು. ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆ ನೋಟ ಅಪ್ಪನಿಗೆ ಸಿಕ್ಕಿಬಿಟ್ಟಿತು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿದ ಹಾಗಾಯ್ತು,” ಅಂದರು. ಆಗ ಅಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. “ಅವರಲ್ಲ. ಚುಕ್ಕೆ ಹಾಕಿದ್ದು ನಾನು.” ಅಪ್ಪ ಅವಳನ್ನು ನೋಡಿದರು, ಅಂಕಲನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. “ನೀನು ಯಾವಾಗ ಓದಿದ್ದು? ಇವನನ್ನು ಉಳಿಸ್ಲಿಕ್ಕೆ ನೀನು ಯಾಕೆ ನಡುವೆ ಬರ್ತೀ?” ಅಪ್ಪ ನನ್ನ ಕಡೆ ತಿರುಗಿದರು. “ಮಗಾ, ನಿಜ ಹೇಳು. ಅಮ್ಮ ಪುಸ್ತಕ ಓದಿದ್ದು ನೀನು ಯಾವಾಗಲಾದರೂ ನೋಡಿದ್ದೀಯಾ?”

ನಾನು “ಇಲ್ಲ” ಅಂದೆ.

ಆಣೆ ಹಾಕಿದ್ದೆನಲ್ಲ. ಅಮ್ಮನಿಗೆ ಬೈಗುಳ ತಪ್ಪಿಸಿದೆ ಎಂದೇ ನನ್ನ ಲೆಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕೇಳಿದ್ದೆ, ಎರಡಕ್ಷರದ ಮಾತಿಗೂ ಅದು ಸಲ್ಲುತ್ತದೆ ಎಂದು ತಿಳಿದಿರಲಿಲ್ಲ. ಅಮ್ಮ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಲಾರೆನ್ಸ್ ಅಂಕಲ್ ಊಟ ಮಾಡದೆ ಎದ್ದರು. ಬಾಗಿಲ ಹೊರಗೆ ಬಗ್ಗಿ ಶೂ ಹಾಕಿಕೊಳ್ಳುವಾಗ, ಪಕ್ಕದಲ್ಲಿ ನಿಂತಿದ್ದ ನನಗೆ ಮೆಲ್ಲಗೆ, “ತಪ್ಪು ನನ್ನದೂ ಉಂಟು ಮಗಾ. ನಾನು ಪುಸ್ತಕ ಪೂರ್ತಿ ಓದ್ತಿರಲಿಲ್ಲ. ಅಮ್ಮ ಚುಕ್ಕೆ ಹಾಕಿದ್ದನ್ನು ಮಾತ್ರ ಓದ್ತಿದ್ದೆ,” ಅಂದರು. ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ. ಉಳಿದವರೂ ಮೆಲ್ಲಮೆಲ್ಲನೆ ಬರುವುದು ಬಿಟ್ಟರು. ಪುಸ್ತಕಗಳು ಅವರವರ ಮನೆ ಸೇರಿದವು, ಖಲಾಸ್. ಕೆಲವು ದಿನದ ಮೇಲೆ ನಾನು ಅಳುತ್ತ ಅಮ್ಮನ ಹತ್ತಿರ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ನಾನೇ ಹೇಳ್ಬೇಡ ಅಂದದ್ದಲ್ವಾ, ನೀನು ಮಾತು ಉಳಿಸಿದಿ,” ಅಂದಳು, ತಲೆ ಎತ್ತದೆ.

ಈಗ ನಾನು ಕುವೈತಿನಲ್ಲೇ, ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ನನ್ನ ಜೊತೆಗಿದ್ದಾರೆ. ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅವಳು ಓದುವುದು ಏನೆಂದು ಅಪ್ಪ ಈಗಲೂ ಇಣುಕಿ ನೋಡುತ್ತಾರೆ. ಕಪಾಟಿನಲ್ಲಿ ಸಿಕ್ಕ ಆ ಪುಸ್ತಕ ಲಾರೆನ್ಸ್ ಅಂಕಲ್ ಕೊನೆಯ ರಜೆಯಲ್ಲಿ ತಂದದ್ದು. ಆ ಶುಕ್ರವಾರ ಅದು ಅಕ್ಕಿ ಡಬ್ಬದ ಹಿಂದಿತ್ತು, ಹಾಗಾಗಿ ಹಿಂದೆ ಹೋಗದೆ ಉಳಿಯಿತು. ಅದನ್ನು ಅಪ್ಪನ ಮುಂದೆ ಇಟ್ಟು, ಎದೆ ಗಟ್ಟಿ ಮಾಡಿ ಹೇಳಿದೆ. “ಅಪ್ಪ, ಅಮ್ಮ ಓದ್ತಿದ್ದಳು. ನಾನು ನೋಡಿದ್ದೆ. ಅಂದು ಸುಳ್ಳು ಹೇಳಿದೆ.” ಅಪ್ಪ ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಮೊದಲ ಪುಟದಲ್ಲಿ ಅಂಕಲ್ ಹೆಸರಿತ್ತು. “ಲಾರೆನ್ಸನ ಪುಸ್ತಕ. ಚುಕ್ಕೆಯೂ ಅವನದ್ದೇ. ಹೋದವರ ಮೇಲೆ ಪ್ರೀತಿ ಜಾಸ್ತಿ ಆಗ್ತದೆ ಮಗಾ, ಅದಕ್ಕೆ ನಿನಗೆ ಹಾಗೆ ಕಾಣ್ತದೆ,” ಅಂದರು. ನನಗೆ ಸಿಟ್ಟು ಬಂತು. “ಬಾಗಿಲು ತೆರೆದಿಟ್ಟ ಮನೆಗೆ ಕಳ್ಳ ಬರುವುದು ಒಂದು ಸಲ,” ಎಂದು ಶುರು ಮಾಡಿದೆ, ಇದು ಅಮ್ಮನ ವಾಕ್ಯ ಎಂದು ಹೇಳಬೇಕೆಂದು. ನಾನು ಮುಗಿಸುವ ಮುಂಚೆಯೇ ಅಪ್ಪ, ಒಂದು ಪದವೂ ತಪ್ಪದೆ, “ಬಾಗಿಲು ಹಾಕಿಕೊಂಡ ಮನೆಗೆ ನೆಂಟರು ಬರುವುದೇ ಇಲ್ಲ,” ಅಂದರು. ಕಿಟಕಿಯ ಕಡೆ ನೋಡುತ್ತ, “ಒಳ್ಳೆ ಓದುಗ ಲಾರೆನ್ಸ್. ನಾನು ಹಾಗೆ ಮಾತಾಡ್ಬಾರದಿತ್ತು,” ಅಂದರು.

ನಾನು ಪುಸ್ತಕ ತೆಗೆದುಕೊಂಡು ಅಡುಗೆಮನೆಗೆ ಬಂದೆ. ಎಪ್ಪತ್ತನಾಲ್ಕನೆಯ ಪುಟದವರೆಗೆ ಚುಕ್ಕೆಗಳಿವೆ. ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ಪುಟ ಬರಿದು. ಅಮ್ಮ ಬೇರೆಲ್ಲಾದರೂ, ಬೇರೆ ಪುಸ್ತಕದಲ್ಲಾದರೂ ಓದು ಮುಂದುವರಿಸಿರಬಹುದು ಎಂದು ಇಡೀ ಮನೆ ಹುಡುಕಿದೆ, ಕ್ಯಾಲೆಂಡರಿನ ಹಿಂಬದಿಯನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಎಪ್ಪತ್ತನಾಲ್ಕನೆಯ ಪುಟದ ಕೊನೆಯ ವಾಕ್ಯದ ಪಕ್ಕ ಎರಡೇ ಚುಕ್ಕೆ. ನಾನು ಅದನ್ನು ನಾಲ್ಕು ಸಲ ಓದಿ, ಪೆನ್ಸಿಲ್ ಕೈಯಲ್ಲಿ ಹಿಡಿದು, ಪುಸ್ತಕ ಮುಚ್ಚಿ ಹೇಳತೊಡಗಿದೆ. ನಡುವೆ ಒಂದು ಪದಕ್ಕೆ ತಡವರಿಸಿದೆ. ಪೆನ್ಸಿಲ್ ಕೆಳಗಿಟ್ಟೆ.